ಮಳೆಗೆ ಬಾಯಿ ತೆರೆಯುವ ಕಪ್ಪೆ, ಮಾತು ಬಿಟ್ಟ ತಮ್ಮ

ಪ್ರಶ್ನೆ (ಬಸವನಗುಡಿಯ ಅಕ್ಕ):
ನಾನು ಮತ್ತು ತಮ್ಮ ಸೇರಿ ಬಡಾವಣೆಯ ಉದ್ಯಾನಕ್ಕೊಂದು ಕಪ್ಪೆ ಕಟ್ಟುತ್ತಿದ್ದೇವೆ. ಕಬ್ಬಿಣದ ಸರಳಿನ ಎಲುಬು, ಹಳೆಯ ಸೈಕಲ್ ಟ್ಯೂಬಿನ ಚರ್ಮ, ಬೆನ್ನ ತುಂಬ ಗುಲ್‌ಮೊಹರ್ ಕಾಯಿಗಳು. ಕೆಳದವಡೆಯ ತುದಿಗೆ ತಗಡಿನ ಡಬ್ಬಿ ಇದೆ. ಮಳೆನೀರು ತುಂಬಿದರೆ ದವಡೆ ಬಾಗಿ ಚೆಲ್ಲುತ್ತದೆ, ಹಿಂದಿನ ಕಲ್ಲಿನ ಭಾರಕ್ಕೆ ಮತ್ತೆ ಟಪ್ಪೆಂದು ಮುಚ್ಚುತ್ತದೆ. ಮಕ್ಕಳಿಗೆ ಅದೇ ಹಬ್ಬ. ಆದರೆ ಕಾಯಿಗಳಿಗೆ ಬೂಷ್ಟು ಹಿಡಿದಿದೆ. ತಮ್ಮ ವಾರ್ನಿಷ್ ಎನ್ನುತ್ತಾನೆ, ನಾನು ಕೊಳೆಯಲಿ ಬಿಡು ಎನ್ನುತ್ತೇನೆ. ಮೂರು ದಿನದಿಂದ ಅಮ್ಮನ ಮೂಲಕವೇ ಮಾತು.

ಉತ್ತರ (ಮರಗೆಲಸದವನು):
ಹಸಿ ಕಾಯಿಗೆ ವಾರ್ನಿಷ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಚೆನ್ನಾಗಿ ಒಣಗಿಸಿ, ಅಂಟು ಬಿಟ್ಟು ಸತುವಿನ ಲೇಪದ ತಂತಿಯಿಂದ ಕಟ್ಟಿ. ಹಾಳಾದದ್ದನ್ನಷ್ಟೇ ಬದಲಿಸಬಹುದು. ಡಬ್ಬಿಯಲ್ಲಿ ನೀರು ನಿಲ್ಲದಂತೆ ಸಣ್ಣ ತೂತು ಕೊರೆಯಿರಿ, ಇಲ್ಲವಾದರೆ ಕಪ್ಪೆಯೇ ಸೊಳ್ಳೆ ಸಾಕಿದಂತಾಗುತ್ತದೆ.

ಉತ್ತರ (ಸುಲ್ತಾನ್‌ಪಾಳ್ಯದ ಹಳಬ):
2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ನಮ್ಮ ರಸ್ತೆಗುಂಡಿಯಲ್ಲಿ ಮೊಸಳೆಯ ಕಲಾಕೃತಿ ಇಟ್ಟಿದ್ದರು. ಅದು ಶಾಶ್ವತವಾಗಿ ಉಳಿಯಲೆಂದು ಮಾಡಿದ್ದಲ್ಲ, ಆದರೂ ಇಂದಿಗೂ ನೆನಪಿದೆ. ಬ್ರೆಜಿಲ್‌ನ ಪೀಠೋಪಕರಣ ವಿನ್ಯಾಸಕರಾದ ಕಂಪಾನಾ ಸಹೋದರರಲ್ಲಿ ಅಣ್ಣ ಓದಿದ್ದು ಕಾನೂನು, ತಮ್ಮ ವಾಸ್ತುಶಿಲ್ಪ. ಮರದ ಚೂರುಗಳಿಂದಲೇ ಕುರ್ಚಿ ಮಾಡಿದರು. ನೀವಿಬ್ಬರೂ ಒಂದೇ ಮಾತು ಆಡಬೇಕೆಂದೇನಿದೆ?

ಅಕ್ಕ:
ತಂತಿಯ ಉಪಾಯ ತಮ್ಮನಿಗೆ ಹಿಡಿಸಿತು. ತೂತನ್ನು ತಾನೇ ಮೊದಲು ಹೇಳಿದ್ದೆನ್ನುತ್ತಾನೆ. ಸುಳ್ಳು. ಇರಲಿ, ಡ್ರಿಲ್ ಅವನದೇ.