ಅಂಗರಚನಾಶಾಸ್ತ್ರದಲ್ಲಿ ಕೋನವೆಂದರೆ ಜಾಗವೋ, ಅಳತೆಯೋ?

ಪ್ರಶ್ನೆ (ಫಿಸಿಯೋಥೆರಪಿ ವಿದ್ಯಾರ್ಥಿನಿ, ಮಂಗಳೂರು): ಕೆಳದವಡೆಗೂ ತೊಡೆಮೂಳೆಗೂ ಕೋನವಿದೆ ಎನ್ನುತ್ತಾರೆ, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎರಡನೆಯದಕ್ಕೆ ಮಾತ್ರ ಡಿಗ್ರಿ ಕೇಳುವುದೇಕೆ ಸರ್?

ಉತ್ತರ (ಅನಾಟಮಿ ಅಧ್ಯಾಪಕ, ಉಡುಪಿ): ಕಿವಿಯ ಕೆಳಗೆ ದವಡೆಯಂಚಿನ ಮೇಲೆ ಬೆರಳಾಡಿಸಿದರೆ ಮೂಳೆ ತಿರುಗುವ ಮೂಲೆ ಸಿಗುತ್ತದೆ, ಅಲ್ಲಿ ಕೋನವೆಂಬುದು ಮುಖ್ಯವಾಗಿ ಆ ಜಾಗದ ಹೆಸರು. ತೊಡೆಮೂಳೆಯಲ್ಲಾದರೋ ಅದು ಆ ಮೂಳೆಯದೇ ಕತ್ತಿನ (ಗುಂಡುತಲೆಯ ಕೆಳಗಿನ ಕಿರಿದಾದ ಭಾಗದ) ಅಕ್ಷಕ್ಕೂ ದಂಡದ (ಉದ್ದನೆಯ ನಡುಭಾಗದ) ಅಕ್ಷಕ್ಕೂ ನಡುವಿನ ಅಳತೆ; ವಯಸ್ಕರಲ್ಲಿ ಸುಮಾರು 125 ಡಿಗ್ರಿ ಇರುವ ಇದು ತೀರಾ ಕಡಿಮೆಯಾದರೆ ಕಾಕ್ಸಾ ವಾರಾ, ಹೆಚ್ಚಾದರೆ ಕಾಕ್ಸಾ ವಾಲ್ಗಾ. ಇದನ್ನು ಕಲಿಯಲೇಬೇಕು ಮಗಳೇ.

ಉತ್ತರ (ಸ್ಟಾಫ್ ನರ್ಸ್, ಮಂಗಳೂರು): ವಾರ್ಡಿನಲ್ಲಿ ನಮಗೆ ಹೆಚ್ಚು ಬೇಕಾಗುವುದು ಎದೆಮೂಳೆಯ ಕೋನ. ಕತ್ತಿನ ಗುಳಿಯಿಂದ ಸುಮಾರು 5 ಸೆಂ.ಮೀ. ಕೆಳಗೆ ಸಿಗುವ ಆ ಅಡ್ಡ ಉಬ್ಬಿನ ಪಕ್ಕದ್ದೇ ಎರಡನೆಯ ಪಕ್ಕೆಲುಬು. ಮೊದಲನೆಯದು ಕಾಲರ್ ಬೋನಿನಡಿ ಮರೆಯಾಗಿರುವುದರಿಂದ ಇಸಿಜಿ ಲೀಡ್ ಹಚ್ಚುವಾಗ ಇಲ್ಲಿಂದಲೇ ಎಣಿಸುತ್ತೇವೆ.

ಉತ್ತರ (ದಂತವೈದ್ಯೆ, ಉಡುಪಿ): ಹಲ್ಲು ಸರಿಪಡಿಸುವ ಮುನ್ನ ಎಕ್ಸ್-ರೇಯಲ್ಲಿ ದವಡೆಯ ಕೋನವನ್ನೂ ಡಿಗ್ರಿಯಲ್ಲೇ ಅಳೆಯುತ್ತೇವೆ.