ಲೈಪೇಸ್ ಬಳಸಿ ಜೆನಿಸ್ಟೀನ್ ಲಾರೇಟ್: 72 ಗಂಟೆಯಾದರೂ ಹೊಸ ಪೀಕ್ ಇಲ್ಲ, ಯಾಕೆ?

ಕಿಣ್ವ_ಕುತೂಹಲಿ:
ಸೋಯಾ ಐಸೊಫ್ಲೇವೋನ್ ಆದ ಜೆನಿಸ್ಟೀನ್‌ಗೆ ಲೈಪೇಸ್ ಕಿಣ್ವದಿಂದ ಕೊಬ್ಬಿನಾಮ್ಲದ (ಲಾರಿಕ್ ಆಮ್ಲದ) ಬಾಲ ಜೋಡಿಸಿ ಎಣ್ಣೆಯಲ್ಲಿ ಕರಗುವಂತೆ ಮಾಡುವುದು ಉದ್ದೇಶ. ಜೆನಿಸ್ಟೀನ್ 27 ಮಿ.ಗ್ರಾಂ, ಬಾಲ ಒದಗಿಸುವ ವಿನೈಲ್ ಲಾರೇಟ್ ಹತ್ತು ಪಟ್ಟು ಮೋಲ್, ರಾಳದ ಮಣಿಗಳ ಮೇಲೆ ಕೂರಿಸಿದ ಕ್ಯಾಂಡಿಡಾ ಅಂಟಾರ್ಕ್ಟಿಕಾ ಲೈಪೇಸ್-ಬಿ 100 ಮಿ.ಗ್ರಾಂ, ದ್ರಾವಕವಾಗಿ ಡಿಎಂಎಸ್‌ಒ 10 ಮಿ.ಲೀ., 50 ಡಿಗ್ರಿ. ನೋಡಿದ್ದು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಪೀಕ್‌ಗಳಾಗಿ ತೋರಿಸುವ ಉಪಕರಣ): ಸಿ-18 ಕಾಲಂ, 260 ನ್ಯಾನೊಮೀಟರ್, ಅಸಿಟೋನೈಟ್ರೈಲ್ 15ರಿಂದ 40%. ಜೆನಿಸ್ಟೀನ್ ಪೀಕ್ ಇಳಿದೇ ಇಲ್ಲ. ಕಿಣ್ವ ಸತ್ತಿದೆಯೇ? ಎಸ್ಟರ್ (ಬಾಲ ಜೋಡಿಸಿದ ಅಣು) ಸಿಕ್ಕರೆ ಎಂಸಿಎಫ್-7 (ಈಸ್ಟ್ರೋಜನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರ್) ಜೀವಕೋಶಗಳ ಮೇಲೆ ಪರೀಕ್ಷಿಸುವಾಗ ಏನು ನೋಡಿಕೊಳ್ಳಬೇಕು?

ಬೆಂಜೀನ್_ಬಳ್ಳಿ:
ಕಿಣ್ವವನ್ನು ದೂರುವ ಮೊದಲು ಅಣುವನ್ನು ನೋಡಿ. ಜೆನಿಸ್ಟೀನ್‌ನ ಮೂರೂ ಹೈಡ್ರಾಕ್ಸಿಲ್‌ಗಳು (5, 7, 4′) ಫೀನಾಲಿನವು. ಈ ಲೈಪೇಸ್ ಅವನ್ನು ಮುಟ್ಟುವುದು ಬಲು ಕಷ್ಟ. ಅದಕ್ಕೆ ಒಗ್ಗುವುದು ಸಕ್ಕರೆಯ 6″ ಜಾಗದ ಪ್ರೈಮರಿ ಹೈಡ್ರಾಕ್ಸಿಲ್. ಹಾಗಾಗಿ ಜೆನಿಸ್ಟಿನ್ ತೆಗೆದುಕೊಳ್ಳಿ. ಹೆಸರಿನಲ್ಲಿ ಒಂದು ದೀರ್ಘದ ವ್ಯತ್ಯಾಸ, ಅಣುವಿನಲ್ಲಿ ಇಡೀ ಒಂದು ಗ್ಲೂಕೋಸ್.

ಎರಡನೇ ತಪ್ಪು ಡಿಎಂಎಸ್‌ಒ. ಕಿಣ್ವದ ಮೈಗಂಟಿದ ಚೂರುಪಾರು ನೀರನ್ನೂ ಅದು ಕಿತ್ತುಕೊಳ್ಳುತ್ತದೆ. ಟರ್ಷಿಯರಿ ಅಮೈಲ್ ಆಲ್ಕೋಹಾಲ್ ಬಳಸಿ. 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮರಂಧ್ರಗಳ ಖನಿಜ) ಹಾಕಿ ರಾತ್ರಿಯಿಡೀ ಒಣಗಿಸಿ. ನೀರು ಉಳಿದರೆ ವಿನೈಲ್ ಲಾರೇಟ್ ಸುಮ್ಮನೆ ಲಾರಿಕ್ ಆಮ್ಲವಾಗಿ ಹೋಗುತ್ತದೆ. 10 ಮಿ.ಲೀ.ಗೆ ಜೆನಿಸ್ಟಿನ್ 22 ಮಿ.ಗ್ರಾಂ, ವಿನೈಲ್ ಲಾರೇಟ್ 113 ಮಿ.ಗ್ರಾಂ, ಕಿಣ್ವ 100 ಮಿ.ಗ್ರಾಂ, 60 ಡಿಗ್ರಿ. ಜೆನಿಸ್ಟಿನ್ ಮೊದಲಿಗೆ ಪೂರ್ತಿ ಕರಗದಿದ್ದರೆ ಗಾಬರಿ ಬೇಡ, ಕರಗಿದ್ದು ಖರ್ಚಾದಂತೆ ಉಳಿದದ್ದು ಕರಗುತ್ತದೆ. ಮ್ಯಾಗ್ನೆಟಿಕ್ ಸ್ಟಿರರ್ ಮಾತ್ರ ಬೇಡ, ಮಣಿಗಳು ಅರೆದು ಹಿಟ್ಟಾಗಿ ಫಿಲ್ಟರ್ ಕಟ್ಟುತ್ತದೆ. ಶೇಕರ್ ಸಾಕು.

ನಿಮ್ಮ ಎಚ್‌ಪಿಎಲ್‌ಸಿ ವಿಧಾನವೂ ಬದಲಾಗಬೇಕು. ಹನ್ನೆರಡು ಕಾರ್ಬನ್ನಿನ ಬಾಲವಿರುವ ಅಣು 40% ಅಸಿಟೋನೈಟ್ರೈಲ್‌ನಲ್ಲಿ ಕಾಲಂ ಬಿಟ್ಟು ಹೊರಗೆ ಬರುವುದಿಲ್ಲ. 95%ವರೆಗೆ ಏರಿಸಿ. ಮಾಸ್‌ನಲ್ಲಿ (ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್), ಪಾಸಿಟಿವ್ ಮೋಡ್‌ನಲ್ಲಿ, 615 ಸಿಗಬೇಕು.

ಸೋಯಾ_ಸಾರ:
ಶುದ್ಧ ಜೆನಿಸ್ಟಿನ್ ದುಬಾರಿ ಅಂತ ಕೊಬ್ಬು ತೆಗೆದ ಸೋಯಾ ಹಿಟ್ಟಿನ ಸಾರವನ್ನೇ ಹಾಕಲು ಹೊರಟರೆ ಒಂದು ಎಚ್ಚರಿಕೆ. ಬಿಸಿ ತಾಗದ ಹಿಟ್ಟಿನಲ್ಲಿ ಬಹುಪಾಲು ಇರುವುದು ಮೆಲೊನಿಲ್ ಜೆನಿಸ್ಟಿನ್ (ಮಾಸ್‌ನಲ್ಲಿ 519). ಆ ಮೆಲೊನಿಲ್ ಕೂತಿರುವುದೇ 6″ ಜಾಗದಲ್ಲಿ! ಲೈಪೇಸ್‌ಗೆ ಬೇಕಾದ ಸೀಟು ಆಗಲೇ ಭರ್ತಿ. 80% ಮೆಥನಾಲ್ ಸಾರ 40 ಮಿ.ಲೀ.ಗೆ 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 3 ಮಿ.ಲೀ. ಸೇರಿಸಿ 10 ನಿಮಿಷ ಕಲಕಿ, ಕೂಡಲೇ ಗ್ಲೇಷಿಯಲ್ ಅಸಿಟಿಕ್ ಆಮ್ಲ 1 ಮಿ.ಲೀ. ಹಾಕಿ. ಮೆಲೊನಿಲ್ ಕಳಚುತ್ತದೆ, ಗ್ಲೂಕೋಸ್ ಉಳಿಯುತ್ತದೆ. ಆಮೇಲೆ ಮೆಥನಾಲನ್ನು ಪೂರ್ತಿ ಹಾರಿಸಿ. ಉಳಿದರೆ ಕಿಣ್ವ ನಿಮ್ಮ ಲಾರೇಟನ್ನೆಲ್ಲ ಮೀಥೈಲ್ ಲಾರೇಟ್ ಮಾಡಿಬಿಡುತ್ತದೆ.

ಅಂದಹಾಗೆ, ನೀರಿನಲ್ಲಿ ಕರಗಬೇಕು ಅನ್ನುವವರಿಗೆ ಇದು ತಿರುಗಾಮುರುಗಾ ದಾರಿ. ಅವರಿಗೆ ಸೈಕ್ಲೊಡೆಕ್ಸ್‌ಟ್ರಿನ್ ಗ್ಲೂಕನೊಟ್ರಾನ್ಸ್‌ಫರೇಸ್ ಕಿಣ್ವ ಮತ್ತು ಡೆಕ್ಸ್‌ಟ್ರಿನ್ ಸರಿ: ಜೆನಿಸ್ಟಿನ್‌ನ ಗ್ಲೂಕೋಸ್‌ಗೆ ಇನ್ನಷ್ಟು ಗ್ಲೂಕೋಸ್ ಪೋಣಿಸುತ್ತದೆ.

ಕೋಶ_ಕಣ್ಣು:
ಜೀವಕೋಶದ ಭಾಗಕ್ಕೆ ಬರುತ್ತೇನೆ. ಕೋಶ ಬೆಳೆಸುವ ಮೀಡಿಯಂನಲ್ಲಿ ಫೀನಾಲ್ ರೆಡ್ ಬಣ್ಣ ಇರಕೂಡದು, ಅದೇ ಈಸ್ಟ್ರೋಜನ್‌ನಂತೆ ತುಸು ವರ್ತಿಸುತ್ತದೆ. ಸೀರಂ ಇದ್ದಿಲಿನಿಂದ ಶುದ್ಧಮಾಡಿದ್ದಾಗಿರಲಿ, ಡಿಎಂಎಸ್‌ಒ ಪ್ಲೇಟಿನ ಎಲ್ಲ ಬಾವಿಗಳಲ್ಲೂ (ಕೋಶ ಬೆಳೆಸುವ ಗುಳಿಗಳಲ್ಲೂ) ಒಂದೇ ಸಮ 0.1%. ಒಂದೇ ಸಾಂದ್ರತೆಯಲ್ಲಿ ತೀರ್ಮಾನಕ್ಕೆ ಬರಬೇಡಿ: ಜೆನಿಸ್ಟೀನ್ 1 ಮೈಕ್ರೋಮೋಲಾರ್ ಆಸುಪಾಸಿನಲ್ಲಿ ಎಂಸಿಎಫ್-7 ಬೆಳವಣಿಗೆ ಹೆಚ್ಚಿಸುತ್ತದೆ, ಹತ್ತಾರು ಮೈಕ್ರೋಮೋಲಾರ್‌ನಲ್ಲಿ ತಡೆಯುತ್ತದೆ.

ಬಹಳ ಜನ ಬಿಡುವುದು ಇದನ್ನು: ಸೀರಂನಲ್ಲಿರುವ ಎಸ್ಟರೇಸ್ ಕಿಣ್ವಗಳು ನೀವು ಕಷ್ಟಪಟ್ಟು ಜೋಡಿಸಿದ ಬಾಲವನ್ನು ಕತ್ತರಿಸಬಹುದು. ಕೋಶಗಳಿಲ್ಲದ ಮೀಡಿಯಂನಲ್ಲಿ ಎಸ್ಟರ್ ಹಾಕಿ 0, 6, 24, 48 ಗಂಟೆಗೆ ಎಚ್‌ಪಿಎಲ್‌ಸಿ ಮಾಡಿ. ಜೊತೆಗೆ ಜೆನಿಸ್ಟಿನ್, ಜೆನಿಸ್ಟೀನ್, ಬರೀ ಲಾರಿಕ್ ಆಮ್ಲ, ಮೂರನ್ನೂ ಅದೇ ಮೋಲಾರಿಟಿಯಲ್ಲಿ ಇಡಿ. ಹೆಚ್ಚಿನ ಸಾಂದ್ರತೆಯ ಬಾವಿಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಸೂಜಿಯಂಥ ಹರಳುಗಳು ಕಂಡರೆ ಎಸ್ಟರ್ ಗಟ್ಟಿಯಾಗಿ ತಳ ಸೇರಿದೆ, ಆ ಬಾವಿಗಳ ಅಂಕಿ ಲೆಕ್ಕಕ್ಕಿಲ್ಲ.