ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗದ ಸಮೀಪಕ್ಕೆ ಹೋಗುವುದು ಹೇಗೆ?

ಪ್ರಶ್ನೆ (ಕೊರಟಗೆರೆಯಿಂದ)
ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶಕ್ಕೆ ಕಳೆದ ತಿಂಗಳು ಎರಡು ಸಲ ಹೋಗಿದ್ದೆ. ಎರಡು ಸಲವೂ ಹಿಂಡು ಕಂಡಿತು. ಆದರೆ ಕ್ಯಾಮೆರಾ ಹಿಡಿದು, ಮೈ ಬಗ್ಗಿಸಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದು ಹೆಣ್ಣು ನಿಂತಲ್ಲಿಂದಲೇ ಆಳೆತ್ತರಕ್ಕೆ ನೆಗೆಯಿತು, ಉಳಿದವೂ ಅದರಂತೆಯೇ ನೆಗೆಯುತ್ತ ನೀಲಗಿರಿ ತೋಪಿನ ಕಡೆಗೆ ಓಡಿಹೋದವು. ಮರೆಯೇ ಇಲ್ಲದ ಬಯಲಿನಲ್ಲಿ ಹಿಂದಿನ ಬೇಟೆಗಾರರು ಇವುಗಳ ಸಮೀಪಕ್ಕೆ ಹೇಗೆ ಹೋಗುತ್ತಿದ್ದರು? ನನಗೆ ಬೇಕಿರುವುದು ಚಿತ್ರ ಮಾತ್ರ.

ಉತ್ತರ (ಮಧುಗಿರಿಯಿಂದ)
ನೀವು ಬಗ್ಗಿದ್ದೇ ತಪ್ಪಾಯಿತೆಂದು ನನ್ನ ಅನಿಸಿಕೆ. ಕೃಷ್ಣಮೃಗ ನಂಬುವುದು ತನ್ನ ಕಣ್ಣನ್ನು ಮತ್ತು ಕಾಲನ್ನು. ಅಡಗಿ ಬರುವವನನ್ನು ಅದು ತೋಳದಂತೆಯೇ ಕಾಣುತ್ತದೆ. ಪಕ್ಕದ ಹೊಲದಲ್ಲಿ ಕಡಲೆಕಾಯಿ ಕೀಳುವವರು ನೆಟ್ಟಗೆ ಓಡಾಡುತ್ತಿದ್ದರೂ ಅದೇ ಹಿಂಡು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಿಂಡಿನ ಬೆನ್ನು ಹತ್ತುವ ಬದಲು ಹಿಕ್ಕೆಯ ಗುಡ್ಡೆಗಳನ್ನು ಹುಡುಕಿ. ಬಲಿತ ಗಂಡು ತನ್ನ ಗಡಿಯೊಳಗೆ ಗೊತ್ತಾದ ಜಾಗಗಳಲ್ಲೇ ಹಿಕ್ಕೆ ಹಾಕುತ್ತದೆ. ಮೇಲಿನ ಹಿಕ್ಕೆ ಇನ್ನೂ ಹಸಿಯಾಗಿ ಮಿರುಗುತ್ತಿದ್ದರೆ ಅದು ಅಲ್ಲಿಗೆ ಮರಳಿ ಬರುತ್ತದೆ. ಬೆಳಕು ಹರಿಯುವ ಮುನ್ನವೇ ಹೋಗಿ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ, ದೂರದಲ್ಲಿ, ಅಲುಗಾಡದೆ ಕುಳಿತುಕೊಳ್ಳಿ.

ಉತ್ತರ (ಶಿರಾದಿಂದ)
ಹಿಂದಿನವರ ಉಪಾಯ ಎತ್ತಿನ ಗಾಡಿ. ರಾಜಮಹಾರಾಜರು ಬೇಟೆಗೆಂದು ಪಳಗಿಸಿದ ಚೀತಾಗಳಿಗೆ ಕಣ್ಣುಪಟ್ಟಿ ಕಟ್ಟಿ, ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ದಿನವೂ ಗಾಡಿಗಳನ್ನು ನೋಡಿದ್ದ ಹುಲ್ಲೆಗಳು ಬೆದರುತ್ತಿರಲಿಲ್ಲ. ಇಂದು ಜೀಪಿನೊಳಗೇ ಕುಳಿತು ಚಿತ್ರ ತೆಗೆಯುವುದರ ಗುಟ್ಟೂ ಅದೇ. ಅಮೆರಿಕದ ವಯೋಮಿಂಗ್ ಬಯಲಿನ ಪ್ರಾಂಗ್‌ಹಾರ್ನ್ ಎಂಬ ಹುಲ್ಲೆಯಂಥ ಪ್ರಾಣಿಯೂ ಹೀಗೆಯೇ ಬಲು ದೂರದಿಂದಲೇ ಕಾಣಬಲ್ಲದು; ಅಲ್ಲಿ ಪರವಾನಗಿ ಪಡೆದ ಬೇಟೆಗಾರರು ದುರ್ಬೀನಿನಿಂದ ಮೊದಲು ಗುರುತಿಸಿ, ಬಳಿಕ ದಿಬ್ಬಗಳ ಹಿಂದಿನಿಂದ ಸುತ್ತಿ ಬರುತ್ತಾರೆ. ನಮ್ಮಲ್ಲಿ ಆ ಮಾತೇ ಇಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ, ಬೇಟೆಯಾಡಿದವರಿಗೆ ಸೆರೆವಾಸ ಕಾದಿರುತ್ತದೆ.

ಉತ್ತರ (ಗೌರಿಬಿದನೂರಿನಿಂದ)
ಒಂದು ಮಾತು ಸೇರಿಸುತ್ತೇನೆ. ಹಿಂಡಿನಿಂದ ದೂರದಲ್ಲಿ ಒಂಟಿ ಹೆಣ್ಣು ಸುಳಿದಾಡುತ್ತಿದ್ದರೆ ಆ ಕಡೆ ಕಾಲಿಡಬೇಡಿ. ಹುಲ್ಲಿನಲ್ಲಿ ಮರಿ ಮಲಗಿರಬಹುದು. ಮನುಷ್ಯ ನಡೆದ ಜಾಡು ಹಿಡಿದು ಬೀದಿನಾಯಿ ಬಂದರೆ ಆ ಮರಿ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಎರಡನೆಯ ಸಲ ನಾನು ಹೆಜ್ಜೆಯಿಟ್ಟದ್ದು ಅಂಥ ಒಂಟಿ ಹೆಣ್ಣಿನ ಕಡೆಗೇ. ಬರುವ ಭಾನುವಾರ ಜೀಪಿನಿಂದ ಇಳಿಯುವುದಿಲ್ಲ.